ಪಿಸ್ತೂಲಿಗೆ ಯಾವ ತೋಟೆ ಎಂದು ಕೇಳುವ ಸಾಗರ, ಹೊಸನಗರ, ತೀರ್ಥಹಳ್ಳಿಯ ಹರೆಯದವರಿಗೆ



ಮಂಡಿಯ ಜಗಲಿಯಲ್ಲಿ, ಮದುವೆ ಮನೆಯ ಚಪ್ಪರದಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ನಿಮ್ಮಲ್ಲಿ ಹಲವರು ಈಚೆಗೆ ನನ್ನನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. “ಊರಲ್ಲಿ ಅಪ್ಪಯ್ಯ, ಅಮ್ಮ ಇಬ್ಬರೇ ಇರ್ತಾರೆ. ಒಂದು ಪಿಸ್ತೂಲ್ ಮಾಡಿಸಿಟ್ರೆ ಧೈರ್ಯ. ಅದಕ್ಕೆ ಯಾವ ತೋಟೆ ತಗೊಂಡ್ರೆ ಒಳ್ಳೇದು?” ತೀರ್ಥಹಳ್ಳಿ ಕಡೆಯ ತೋಟದ ಮನೆಯವನು ನಾನು. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ 12 ಬೋರಿನ ಕೋವಿ ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಇದೆ. ಹಾಗಾಗಿ ಇವನಿಗೆ ಗೊತ್ತಿರುತ್ತದೆ ಎಂದು ಕೇಳುತ್ತೀರಿ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಸಂಗತಿ ಇದಲ್ಲವಾದ್ದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪಿಸ್ತೂಲು ಬೇಡ. ಮನೆಯಲ್ಲಿ ಆಗಲೇ ಕೋವಿ ಇದ್ದರೆ, ಅದು ನಾಳೆ ನಿಮ್ಮ ಹೆಸರಿಗೆ ಬರುವುದಿದ್ದರೆ, ಅದರ ತೋಟೆಯ ಬಗ್ಗೆ ಈಗಿನಿಂದಲೇ ಸರಿಯಾಗಿ ಕಲಿಯಿರಿ.

ನಿಮ್ಮ ಭಯ ಸುಳ್ಳು ಎನ್ನಲಾರೆ. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಊರು ಎಂದರೆ ಗುಡ್ಡದ ಈ ಮಗ್ಗುಲಿಗೊಂದು ಮನೆ, ಹಳ್ಳ ದಾಟಿದ ಮೇಲೆ ಇನ್ನೊಂದು. ಕೂಗಿದರೆ ಕೇಳಿಸದು. ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ಮೊಬೈಲ್ ಟವರೂ ಹೋಗುತ್ತದೆ. ಕೊಯ್ಲು ಮುಗಿದ ಮೇಲೆ ಲಕ್ಷಗಟ್ಟಲೆ ಬೆಲೆಯ ಅಡಿಕೆ ಅಂಗಳದಲ್ಲೇ ಒಣಗುತ್ತಿರುತ್ತದೆ, ಕಾಯುವವರು ಎಪ್ಪತ್ತು ದಾಟಿದ ಇಬ್ಬರು. ಎಲ್ಲೋ ಒಂಟಿ ಮನೆಗೆ ಕಳ್ಳರು ನುಗ್ಗಿದ ಸುದ್ದಿ ಓದಿದ ರಾತ್ರಿ ಬೆಂಗಳೂರಿನ ರೂಮಿನಲ್ಲಿ ಮಲಗಿದ ನಿಮಗೆ ನಿದ್ದೆ ಹತ್ತುವುದಿಲ್ಲ. ಆ ಸಂಕಟ ನನಗೆ ಅರ್ಥವಾಗುತ್ತದೆ. ಅದನ್ನು ಹಗುರ ಮಾಡಿ ಮಾತಾಡುವವರ ಮೇಲೆ ನನಗೆ ಸಿಟ್ಟೂ ಇದೆ.

ಆದರೆ ನೀವು ಮೊಬೈಲಿನಲ್ಲಿ ನೋಡುವ ಅಮೆರಿಕದ ವಿಡಿಯೋಗಳು ಬೇರೆ ದೇಶದ, ಬೇರೆ ಕಾನೂನಿನ ಮಾತು. ಅಲ್ಲಿ 1968ರ ಕೇಂದ್ರ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ಅಂಗಡಿಯವನು ಉದ್ದ ಕೋವಿಯ ತೋಟೆಯನ್ನು 18 ತುಂಬಿದವರಿಗೆ, ಪಿಸ್ತೂಲಿನ ತೋಟೆಯನ್ನು 21 ತುಂಬಿದವರಿಗೆ ಮಾರಬಹುದು. ನಮ್ಮಲ್ಲಿ ಆ ಭೇದವೇ ಇಲ್ಲ. 1959ರ ಆಯುಧ ಕಾಯ್ದೆ ಮೊದಲು ವಯಸ್ಸಿನ ಮಿತಿಯನ್ನು 16 ಎಂದು ಇಟ್ಟಿತ್ತು, 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. ಕೋವಿಯಾಗಲಿ ತೋಟೆಯಾಗಲಿ, 21 ತುಂಬುವವರೆಗೆ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ತುಂಬಿದ ಮೇಲೂ ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟೆ ಕೈಗೆ ಬರುವಂತಿಲ್ಲ. ಅಮೆರಿಕದಲ್ಲಿ ಆಯುಧ ಸಂವಿಧಾನ ಕೊಟ್ಟ ಹಕ್ಕು, ಇಲ್ಲಿ ಹಾಗಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ನೆನಪಿಸಿದೆ. ಕೊಡಗಿನ ಗೆಳೆಯರನ್ನು ತೋರಿಸಿ “ಅವರಿಗೆ ಉಂಟಲ್ಲ” ಎನ್ನುವವರಿಗೂ ಒಂದು ಮಾತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಅದು ಅವರ ಚರಿತ್ರೆಗೆ ಸೇರಿದ್ದು. ಶಿವಮೊಗ್ಗ ಜಿಲ್ಲೆಗೆ ಅನ್ವಯಿಸುವುದಿಲ್ಲ.

ನಮ್ಮಂಥವರಿಗಾಗಿ ಕಾಯ್ದೆಯಲ್ಲಿ ಇರುವುದು 13ನೇ ಸೆಕ್ಷನ್ನಿನ ಮೂರನೇ ಭಾಗ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮಸಿ ತುಂಬುವ ಕೇಪಿನ ಕೋವಿ. ಅದು ಸಾಲದು ಎಂದು ಜಿಲ್ಲಾಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿ. ಸ್ವಂತ ರಕ್ಷಣೆಗೋ ಕ್ರೀಡೆಗೋ ಕೇಳುವವರಿಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಕೋವಿ. ಈ ಪಟ್ಟಿಯಲ್ಲಿ ಪಿಸ್ತೂಲು ಇಲ್ಲ. ಪಿಸ್ತೂಲು, ರಿವಾಲ್ವರ್ ಕೇಳಿದರೆ ನಿಮ್ಮ ಜೀವಕ್ಕೆ ಇಂಥದ್ದೇ ಅಪಾಯವಿದೆ ಎಂದು ತೋರಿಸಬೇಕು, ಪೊಲೀಸ್ ವರದಿ ಬರಬೇಕು, ತರಬೇತಿಯ ಪ್ರಮಾಣಪತ್ರ ಬೇಕು. “ಒಂಟಿ ಮನೆ” ಎಂಬ ಒಂದೇ ಕಾರಣಕ್ಕೆ ಸಿಕ್ಕೀತು ಎಂದು ನಂಬಿ ಏಜೆಂಟನಿಗೆ ದುಡ್ಡು ಕೊಡಬೇಡಿ.

ಇನ್ನು ನಿಮ್ಮಲ್ಲಿ ಬಹಳ ಜನ ತಪ್ಪು ತಿಳಿದಿರುವ ವಿಷಯ. ಅಪ್ಪಯ್ಯನ ಲೈಸೆನ್ಸ್ ನಿಮ್ಮ ಲೈಸೆನ್ಸ್ ಆಗುವುದಿಲ್ಲ. ಅವರು ಜೊತೆಗಿದ್ದಾಗ, ಅಥವಾ ಅವರು ಬರೆದುಕೊಟ್ಟ ಪತ್ರ ಹಿಡಿದು, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಅವರ ಬಳಕೆಗೋ ಎಂದು ನೀವು ಕೋವಿ ಸಾಗಿಸಬಹುದು. ಅಷ್ಟೇ. ಅವರು ಒಳಗೆ ಮಲಗಿರುವಾಗ ನೀವು ಹೆಗಲಿಗೇರಿಸಿಕೊಂಡು ತೋಟಕ್ಕೆ ಹೋದರೆ, ಗೆಳೆಯರ ಜೊತೆ ರಾತ್ರಿ ಜೀಪಿನಲ್ಲಿ ಹೊರಟರೆ, ನೀವು ಲೈಸೆನ್ಸ್ ಇಲ್ಲದೆ ಆಯುಧ ಹಿಡಿದವರು. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ತೋಟೆಗೂ ಇದೇ ಲೆಕ್ಕ. ಅಜ್ಜಯ್ಯನ ಕಾಲದ ತೋಟೆಯೊಂದನ್ನು ನೆನಪಿಗೆಂದು ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡುವವರನ್ನು ನಾನು ಕಂಡಿದ್ದೇನೆ. ಸೋಗಾನೆಯ ವಿಮಾನ ನಿಲ್ದಾಣದ ಸ್ಕ್ಯಾನರಿಗೆ ನೆನಪು ಕಾಣುವುದಿಲ್ಲ, ತೋಟೆ ಕಾಣುತ್ತದೆ. ತಿಳಿದೇ ಇಟ್ಟುಕೊಂಡಿದ್ದರೇ, ತಿಳಿಯದೆ ಉಳಿದಿತ್ತೇ ಎಂಬುದನ್ನು ಕೋರ್ಟು ನೋಡುತ್ತದೆ, ನಿಜ. ಆದರೆ ಅಲ್ಲಿಯವರೆಗೆ ಕೇಸು ಮೈಮೇಲೆ ಇರುತ್ತದೆ, ಪಾಸ್‌ಪೋರ್ಟು, ಕೆಲಸ ಎಲ್ಲದಕ್ಕೂ ಅದು ತೊಡಕು.

ಕೋವಿ ನ್ಯಾಯವಾಗಿ ನಿಮ್ಮ ಹೆಸರಿಗೆ ಬರುವ ದಾರಿಗಳೂ ಇವೆ. ಲೈಸೆನ್ಸುದಾರರಿಗೆ 70 ತುಂಬಿದ್ದರೆ, ಅಥವಾ ಕೋವಿ ಅವರಲ್ಲಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಲೈಸೆನ್ಸ್ ಕೇಳಲು 2016ರ ಆಯುಧ ನಿಯಮಗಳು ಅವಕಾಶ ಕೊಟ್ಟಿವೆ. ದಯವಿಟ್ಟು ಇದನ್ನು ಮಾಡಿಸಿ. ಅವರು ತೀರಿಕೊಂಡ ಮೇಲಾದರೆ ಕೋವಿ, ತೋಟೆ ಎರಡನ್ನೂ ತಡಮಾಡದೆ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ವೈಕುಂಠ ಸಮಾರಾಧನೆ ಮುಗಿದು, ಎಲ್ಲರೂ ಅವರವರ ಊರಿಗೆ ಹೊರಟು, ಕೋವಿ ಮಾತ್ರ ಗೋಡೆಯ ಮೊಳೆಯಲ್ಲೇ ವರ್ಷಗಟ್ಟಲೆ ನೇತಾಡುವ ಮನೆಗಳು ಒಂದೆರಡಲ್ಲ.

ಈಗ ತೋಟೆ. ಕೇಳಿದ್ದಕ್ಕೆ ಉತ್ತರಿಸದೆ ಹೋಗುವುದು ಸರಿಯಲ್ಲ.

ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸಿಗುವ ಪಿಸ್ತೂಲು, ರಿವಾಲ್ವರುಗಳು ಹೆಚ್ಚಾಗಿ ಪಾಯಿಂಟ್ 32ರವು. 9 ಎಂಎಂ, ಪಾಯಿಂಟ್ 38 ಇವೆಲ್ಲ ನಿಷೇಧಿತ ಬೋರುಗಳು. ಹೆಸರು ಒಂದೇ ಆದರೂ ರಿವಾಲ್ವರಿನ 32 ಬೇರೆ, ಪಿಸ್ತೂಲಿನ 32 ಬೇರೆ. ಕಾನ್ಪುರದ ಕಾರ್ಖಾನೆಯ ರಿವಾಲ್ವರಿಗೆ ಹೋಗುವ ತೋಟೆಯ ಬುಡದಲ್ಲಿ ಅಂಚಿದೆ, ಉದ್ದ ಹೆಚ್ಚು. ಈಶಾಪುರದ ಅಶನಿ ಪಿಸ್ತೂಲಿನದು ಗಿಡ್ಡ, ಅದಕ್ಕೆ 7.65 ಎಂಎಂ ಎಂಬ ಹೆಸರೂ ಇದೆ. ಒಂದನ್ನು ಇನ್ನೊಂದರಲ್ಲಿ ಹಾಕುವಂತಿಲ್ಲ. ವಿಡಿಯೋಗಳಲ್ಲಿ ಗಂಟೆಗಟ್ಟಲೆ ಚರ್ಚಿಸುವ ಹತ್ತಾರು ಬಗೆಗಳಲ್ಲಿ ನಿಮಗೆ ಆರಿಸಿಕೊಳ್ಳಲು ಹೆಚ್ಚೇನೂ ಇಲ್ಲ. ಯಾವ ತೋಟೆ, ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಅಂಗಡಿಯವನು ಪುಸ್ತಕ ನೋಡಿ, ತನ್ನ ರಿಜಿಸ್ಟರಿನಲ್ಲೂ ನಿಮ್ಮ ಪುಸ್ತಕದಲ್ಲೂ ಬರೆದು ಕೊಡುತ್ತಾನೆ. ಬರೆಯದೆ ಕೊಡುತ್ತೇನೆ ಎನ್ನುವವನಿಂದ ಕೊಳ್ಳಬೇಡಿ. ನಿಮ್ಮ ಪಾಲಿನಲ್ಲಿ ಉಳಿದದ್ದನ್ನು ನಂಟರಿಗೆ ಕೊಡಲೂಬೇಡಿ, ಅದು ನಂಟಸ್ತಿಕೆಯ ವಸ್ತುವಲ್ಲ.

ನಮ್ಮ ಕಡೆ ನಿಜವಾಗಿ ಬೇಕಾಗುವ ತಿಳಿವಳಿಕೆ 12 ಬೋರಿನದು. ತೋಟೆಯನ್ನು ಕೈಯಲ್ಲಿ ಹಿಡಿದು ನೋಡಿ. ಕೆಳಗೆ ಹಿತ್ತಾಳೆ ಬಣ್ಣದ ಬುಡ, ಅದರ ನಡುವೆ ಕೇಪು, ಮೇಲೆ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಕೊಳವೆ. ಒಳಗೆ ಮಸಿ, ಅದರ ಮೇಲೆ ಅಡಕು, ಅದರ ಮೇಲೆ ಚರೆ. ಮೈಮೇಲೆ ಬರೆದಿರುವ ಎಲ್‌ಜಿ, ಎಸ್‌ಜಿ ಎಂಬುದು ದಪ್ಪ ಚರೆ. 4, 6 ಎಂದು ಅಂಕಿ ಏರಿದಂತೆ ಚರೆ ಸಣ್ಣದಾಗುತ್ತದೆ. ಇದಿಷ್ಟು ಎಲ್ಲರಿಗೂ ಗೊತ್ತು. ಉದ್ದವನ್ನು ಮಾತ್ರ ಯಾರೂ ಓದುವುದಿಲ್ಲ. 65 ಎಂಎಂ ಎಂದೋ 70 ಎಂಎಂ ಎಂದೋ ಬರೆದಿರುತ್ತದೆ. ಅದು ಸಿಡಿದು ಬಾಯಿ ಬಿಚ್ಚಿದ ಮೇಲಿನ ಉದ್ದ. ನಮ್ಮ ಮನೆಗಳಲ್ಲಿರುವ ಹಳೆಯ ಇಂಗ್ಲಿಷ್, ಬೆಲ್ಜಿಯಂ ಕೋವಿಗಳಲ್ಲಿ ಹಲವಕ್ಕೆ ತೋಟೆ ಕೂರುವ ಗೂಡು 65ರದ್ದು. ಅದಕ್ಕೆ 70ರ ತೋಟೆ ಹಾಕಿದರೆ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಸಿಡಿದಾಗ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ನೂರು ವರ್ಷದ ನಳಿಗೆ ಎಷ್ಟು ಸಲ ತಡೆದೀತು? ಕೋವಿ ರಿಪೇರಿ ಬಲ್ಲವರಿಂದ ಗೂಡಿನ ಅಳತೆ ತೆಗೆಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ತೋಟೆ ಕೊಳ್ಳುವಾಗ ತೋರಿಸಿ. ಇನ್ನೊಂದು, 20 ಬೋರಿನ ತೋಟೆ ಎಂದೂ 12ರ ಜೊತೆ ಒಂದೇ ಡಬ್ಬಿಯಲ್ಲಿ ಇರಬಾರದು. ಕತ್ತಲಲ್ಲಿ ಅದನ್ನು 12ರ ನಳಿಗೆಗೆ ಹಾಕಿದರೆ ಒಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಎಂದುಕೊಂಡು ಹಿಂದೆ 12ರ ತೋಟೆ ಹಾಕಿ ಕುದುರೆ ಎಳೆದರೆ ಸಿಡಿಯುವುದು ನಿಮ್ಮ ಎಡಗೈಯ ಹತ್ತಿರ.

ನಮ್ಮ ಮಳೆಯನ್ನು ಮರೆಯಬೇಡಿ. ಆಗುಂಬೆ, ಹುಲಿಕಲ್ಲಿನ ಸೀಮೆ ಇದು. ಜೂನ್ ತಿಂಗಳಲ್ಲಿ ಅಟ್ಟದ ಮೇಲಿನ ಉಪ್ಪು ನೀರಾಗುವ ಕಡೆ ಕಾಗದದ ತೋಟೆ ಉಬ್ಬದೆ ಇರುವುದುಂಟೇ? ಉಬ್ಬಿದ್ದನ್ನು ಕೆಂಡದ ಹತ್ತಿರ ಇಟ್ಟು ಒಣಗಿಸುವುದು, ಚಾಕುವಿನಿಂದ ಕೆರೆದು ಸಣ್ಣ ಮಾಡಿ ತುರುಕುವುದು, ಎರಡನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಎರಡೂ ಪ್ರಾಣಕ್ಕೆ ಸಂಚಕಾರ. ಬುಡದಲ್ಲಿ ಹಸಿರು ಕಿಲುಬು ಕಂಡರೆ, ಮೈ ಉಬ್ಬಿದ್ದರೆ, ಅದನ್ನು ಬಳಸಬಾರದು. ಕುದುರೆ ಬಿದ್ದೂ ತೋಟೆ ಸಿಡಿಯದಿದ್ದರೆ ಕೂಡಲೇ ಕೋವಿ ಮುರಿದು ನೋಡಬೇಡಿ. ತೇವ ಹಿಡಿದ ಮಸಿ ತಡವಾಗಿ ಹೊತ್ತಬಹುದು. ನಳಿಗೆಯನ್ನು ಯಾರೂ ಇಲ್ಲದ ಕಡೆ, ಮಣ್ಣಿನ ದಿಬ್ಬದ ಕಡೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ.

ಬೆಳೆ ರಕ್ಷಣೆಯ ಕೋವಿ ಎಂದರೆ ಕಾಣುವ ಪ್ರಾಣಿಗೆಲ್ಲ ಈಡು ಹೊಡೆಯುವ ಅನುಮತಿ ಎಂದೂ ತಿಳಿಯಬೇಡಿ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ನಮ್ಮ ಮಂಗ ಮೊದಲನೇ ಪಟ್ಟಿಗೆ ಏರಿದೆ, ಹಂದಿ ಎರಡನೆಯದರಲ್ಲಿದೆ. ಮಂಗಕ್ಕೆ ಶಬ್ದವೇ ಸಾಕು, ಅದಕ್ಕೇ ಕೋವಿ. ಮಂಗ ಓಡಿಸಲೆಂದು ಏರ್‌ಗನ್ ತಂದವರು ಸಂಜೆ ಹೊತ್ತು ಹಕ್ಕಿಗೆ ಗುರಿ ಹಿಡಿಯುವುದನ್ನು ನೋಡಿ ನನಗೆ ಬೇಸರವಾಗಿದೆ.

ಆದರೆ ನಿಮ್ಮ ಪ್ರಶ್ನೆ ಪ್ರಾಣಿಯದಾಗಿರಲಿಲ್ಲ, ಮನುಷ್ಯನದು. ಅಲ್ಲಿಗೇ ಬರುತ್ತೇನೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಸೆಕ್ಷನ್ನುಗಳು ಆತ್ಮರಕ್ಷಣೆಯ ಹಕ್ಕಿನವು. ಹಳೆಯ ದಂಡ ಸಂಹಿತೆಯಲ್ಲಿ ಇದ್ದದ್ದೇ ಇಲ್ಲಿಗೂ ಬಂದಿದೆ. ಹಕ್ಕು ಇದೆ, ದೊಡ್ಡದೇ ಇದೆ. ಆದರೆ ರಕ್ಷಣೆಗೆ ಬೇಕಾದದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಆಸ್ತಿಗಾಗಿ ಪ್ರಾಣ ತೆಗೆಯುವ ಮಟ್ಟಿಗೆ ಹೋಗಲು ಬರುವುದು ದರೋಡೆ, ಕತ್ತಲಾದ ಮೇಲೆ ಮನೆ ಒಡೆದು ನುಗ್ಗುವುದು, ಮನೆಗೆ ಬೆಂಕಿ ಇಡುವುದು, ಅಥವಾ ಜೀವ ಹೋಗುವ, ಭಾರೀ ಗಾಯವಾಗುವ ಭಯ ಹುಟ್ಟಿಸುವಂಥ ಕಳ್ಳತನ, ಅತಿಕ್ರಮ ಪ್ರವೇಶ. ಅಂಗಳದಲ್ಲಿ ಒಣಗಿಸಿದ ಅಡಿಕೆಯನ್ನು ಚೀಲಕ್ಕೆ ತುಂಬಿಕೊಂಡು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ನೀವು ನಿಲ್ಲುವುದು ಕೊಲೆಯ ಕಟಕಟೆಯಲ್ಲಿ. ಅಡಿಕೆ ಮುಂದಿನ ವರ್ಷ ಮತ್ತೆ ಬಿಡುತ್ತದೆ.

ಕಾನೂನನ್ನು ಬದಿಗಿಟ್ಟು ಆ ರಾತ್ರಿಯನ್ನೇ ಯೋಚಿಸಿ. ಮಳೆ ಹೊಯ್ಯುತ್ತಿದೆ, ಕರೆಂಟಿಲ್ಲ, ಹಿತ್ತಿಲ ಬಾಗಿಲ ಹತ್ತಿರ ಸಪ್ಪಳ. ಅಪ್ಪಯ್ಯನಿಗೆ ಕಣ್ಣಿನ ಪೊರೆ, ಕೈ ನಡುಕ. ನೀವು ಕೊಡಿಸಿದ ಪಿಸ್ತೂಲನ್ನು ಅವರು ವರ್ಷದಲ್ಲಿ ಒಮ್ಮೆಯೂ ಹೊಡೆದು ಅಭ್ಯಾಸ ಮಾಡಿಲ್ಲ. ಹೊರಗಿರುವುದು ಯಾರು? ಬೆಂಗಳೂರಿನ ರಾತ್ರಿ ಬಸ್ಸು ಕೆಟ್ಟು ತಡವಾಗಿ, ಹೇಳದೆ ಬಂದ ನೀವೇ ಇರಬಹುದು. ಹೆರಿಗೆ ನೋವಿಗೆ ಜೀಪು ಕೇಳಲು ಓಡಿಬಂದ ಆಳಿನ ಮಗ ಇರಬಹುದು. ನಮ್ಮ ಕಾಡುಗಳಲ್ಲಿ ಪೊದೆ ಅಲುಗಿತೆಂದು ಹಂದಿಗೆ ಹೊಡೆದು, ಜೊತೆಗೆ ಬಂದವನನ್ನೇ ಕಳೆದುಕೊಂಡ ಮನೆಗಳನ್ನು ನೀವೂ ಬಲ್ಲಿರಿ. ಅವರಾರೂ ಕೆಟ್ಟವರಾಗಿರಲಿಲ್ಲ. ಕಂಡದ್ದಕ್ಕೆ ಹೊಡೆಯದೆ ಕೇಳಿದ್ದಕ್ಕೆ ಹೊಡೆದರು. ಕೈಗೆ ಎಟಕುವಲ್ಲಿ ತುಂಬಿದ ಪಿಸ್ತೂಲು ಇದ್ದರೆ ಅದೇ ಕತೆ ಮನೆಯೊಳಗೆ ನಡೆಯುತ್ತದೆ.

ಇನ್ನೊಂದು ಮಾತನ್ನು ಬರೆಯಲು ಕಷ್ಟವಾಗುತ್ತದೆ, ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಎಲೆಚುಕ್ಕಿ ರೋಗ ಬಂದು ತೋಟ ಸೊರಗಿರುವ ಮನೆಗಳಿವೆ, ಸಾಲ ಇದೆ, ಮಕ್ಕಳು ದೂರ. ಬದುಕು ಸಾಕೆನಿಸುವ ಗಳಿಗೆ ಯಾರಿಗೂ ಬರಬಹುದು, ಹೆಚ್ಚಿನ ಸಲ ಅದು ದಾಟಿಯೂ ಹೋಗುತ್ತದೆ. ಆ ಗಳಿಗೆಯಲ್ಲಿ ಆಯುಧ ಕೈಗೆ ಸಿಗುವಂತಿರಬಾರದು. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಊಟ, ಮಾತು ಬಿಟ್ಟಿದ್ದರೆ, ಕೋವಿಯನ್ನು ಕೆಲವು ತಿಂಗಳ ಮಟ್ಟಿಗೆ ಪರವಾನಗಿ ಇರುವ ವ್ಯಾಪಾರಿಯ ಹತ್ತಿರ ಠೇವಣಿ ಇಡಿಸಿ. ಅದರಲ್ಲಿ ನಾಚಿಕೆಯೇನಿಲ್ಲ. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹಾಗಾದರೆ ಅಪ್ಪಯ್ಯ, ಅಮ್ಮನನ್ನು ಕಾಯುವುದು ಹೇಗೆ? ಪಿಸ್ತೂಲಿಗೆ ಖರ್ಚು ಮಾಡುವ ಲಕ್ಷಕ್ಕೂ ಮೀರಿದ ದುಡ್ಡಿನಲ್ಲಿ ಏನೇನು ಆಗುತ್ತದೆ ನೋಡಿ. ಹಿತ್ತಿಲಿಗೂ ಅಂಗಳಕ್ಕೂ ಸೋಲಾರ್ ದೀಪ. ಹಿಂಬಾಗಿಲಿಗೆ ಒಳಗಿನಿಂದ ಗಟ್ಟಿ ಅಗುಳಿ. ಟವರ್ ಸತ್ತಾಗಲೂ ಗುಡ್ಡದಾಚೆಯ ಮನೆಗೆ ಕೇಳುವ ಸೈರನ್. ಎರಡು ಒಳ್ಳೆಯ ನಾಯಿ. ಒಣಗಿದ ಅಡಿಕೆಯನ್ನು ಬೆಲೆ ಏರಲಿ ಎಂದು ತಿಂಗಳುಗಟ್ಟಲೆ ಅಟ್ಟದಲ್ಲಿ ಕೂಡಿಹಾಕುವ ಬದಲು ಮ್ಯಾಮ್‌ಕೋಸ್‌ನಂಥ ಸಹಕಾರ ಸಂಘದ ಗೋದಾಮಿಗೆ ಹಾಕಿ. ಮನೆಯಲ್ಲಿ ಮಾಲಿಲ್ಲ, ನಗದಿಲ್ಲ ಎಂಬುದು ಊರಿಗೆಲ್ಲ ಗೊತ್ತಿರಲಿ. ಬೀಟ್ ಪೊಲೀಸರ ನಂಬರನ್ನೂ 112ನ್ನೂ ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿ. ಅಕ್ಕಪಕ್ಕದ ನಾಲ್ಕು ಮನೆಯವರು ರಾತ್ರಿ ಮಲಗುವ ಮುನ್ನ ಒಬ್ಬರಿಗೊಬ್ಬರು ಒಂದು ಕರೆ ಮಾಡುವ ಪದ್ಧತಿ ಹಾಕಿಕೊಂಡರೆ ಅದಕ್ಕೆ ಲೈಸೆನ್ಸ್ ಬೇಡ.

ಕೋವಿಯ ಧೈರ್ಯವನ್ನೇ ನೆಚ್ಚಿದವರು ಚುನಾವಣೆಯನ್ನೂ ನೆನೆಯಬೇಕು. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ಕ್ಕೆ ಜಾರಿಯಾಯಿತು, ಮತ ಎಣಿಕೆ ಜೂನ್ 4ಕ್ಕೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೋವಿ ಹೊತ್ತು ಠೇವಣಿ ಇಡುವುದು ನಮಗೆಲ್ಲ ರೂಢಿಯಾಗಿದೆ. ಮಂಗ, ಹಂದಿಗಳಿಗೆ ನೀತಿಸಂಹಿತೆ ಇಲ್ಲ ಎಂದು ರೈತರು ಕೂಗಿಕೊಳ್ಳುವುದು ನ್ಯಾಯವೇ. ಬೆಳೆ ರಕ್ಷಣೆಯ ಕೋವಿಗಳನ್ನು ಒಟ್ಟಾರೆ ಕಸಿದಿಡದೆ ಒಂದೊಂದನ್ನೇ ಪರಿಶೀಲಿಸಿ ಬಿಡಬೇಕೆಂಬ ಬೇಡಿಕೆಗೆ ನನ್ನದೂ ಸಹಿ ಇದೆ. ಆದರೆ ಅಷ್ಟು ದಿನ ಆಯುಧವಿಲ್ಲದ ಆ ಮನೆಗಳನ್ನು ಕಾದದ್ದು ಅಕ್ಕಪಕ್ಕದವರು ಎಂಬುದನ್ನೂ ಗಮನಿಸಿ.

ನಿಮ್ಮ ಹರೆಯದ ಶಕ್ತಿಯನ್ನು ಎಲ್ಲಿ ಹಾಕಬೇಕು ಎಂದರೆ ನಾನು ತುಮರಿಯ ಕಡೆ ಕೈ ತೋರಿಸುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಹಿನ್ನೀರು ಆ ಸೀಮೆಯನ್ನು ಸಾಗರದಿಂದ ಕತ್ತರಿಸಿ ಹಾಕಿತು. ಸಂಜೆ ಲಾಂಚು ನಿಂತಿತೆಂದರೆ ಆಂಬುಲೆನ್ಸಿಗೂ ಪೊಲೀಸರಿಗೂ ಸುತ್ತುಬಳಸಿನ ದಾರಿಯೇ ಗತಿಯಾಗಿತ್ತು. ಅಲ್ಲಿನ ಜನ ದಶಕಗಳ ಕಾಲ ಸೇತುವೆಗಾಗಿ ಅರ್ಜಿ ಹಾಕಿದರು, ರಸ್ತೆಗಿಳಿದರು, 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ನಡುರಾತ್ರಿಯಲ್ಲೂ ಈಗ ಜೀಪು ಆಚೆ ದಡ ಸೇರುತ್ತದೆ. ಹೊಸನಗರದ, ತೀರ್ಥಹಳ್ಳಿಯ ಎಷ್ಟೋ ಹಳ್ಳಿಗಳಿಗೆ ಇನ್ನೂ ಕರೆಂಟು ಹೋದರೂ ನಿಲ್ಲದ ಟವರ್ ಬೇಕಾಗಿದೆ. ಕಾಲುಸಂಕದ ಬದಲು ಗಟ್ಟಿ ಮೋರಿ ಬೇಕಾಗಿದೆ. ಟವರಿನ ಅರ್ಜಿಗೆ ಸಹಿ ಹಾಕಿಸಲು ಮನೆಮನೆ ತಿರುಗುವುದಾದರೆ ನನ್ನನ್ನೂ ಕರೆಯಿರಿ, ಬರುತ್ತೇನೆ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಮುಂದಿನ ಸಲ ಊರಿಗೆ ಬಂದಾಗ ಅಪ್ಪಯ್ಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನಾಗಂದಿಗೆಯ ಮೇಲಿನ ಡಬ್ಬಿ, ದೇವರ ಕೋಣೆಯ ಪೆಟ್ಟಿಗೆ, ಅಟ್ಟದ ಮೂಲೆ ಎಲ್ಲ ಹುಡುಕಿ. ಹಳೆಯ ತೋಟೆ ಸಿಕ್ಕರೆ ಎಣಿಸಿ ಲೈಸೆನ್ಸ್ ಪುಸ್ತಕದ ಲೆಕ್ಕಕ್ಕೆ ತಾಳೆ ನೋಡಿ. ಲೆಕ್ಕಕ್ಕೆ ಸಿಗದ್ದು, ಉಬ್ಬಿದ್ದು, ಕಿಲುಬು ಹಿಡಿದದ್ದು ಇದ್ದರೆ ಬೆಂಕಿಗೆ, ಬಾವಿಗೆ, ಕಸಕ್ಕೆ ಹಾಕಬೇಡಿ, ನೀವೇ ಹೊತ್ತು ಓಡಾಡಲೂಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ ತಿಳಿಸಿ, ಅವರು ಹೇಳಿದಂತೆ ಲೈಸೆನ್ಸುದಾರರೇ ಒಪ್ಪಿಸಲಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ ಪಡೆಯಲಿ. ಉಳಿದವನ್ನು ಬೀಗವಿರುವ ಡಬ್ಬಿಯಲ್ಲಿ, ಕೋವಿ ಇರುವ ಕಪಾಟಿನಿಂದ ಬೇರೆ ಕಡೆ ಇಟ್ಟು, ಎರಡರ ಕೀಲಿಯನ್ನೂ ಬೇರೆ ಬೇರೆ ಜಾಗದಲ್ಲಿಡಿ.

ನಿಮ್ಮವನೇ ಆದ
ತೀರ್ಥಹಳ್ಳಿ ಸೀಮೆಯ ಒಬ್ಬ ಕೋವಿ ಲೈಸೆನ್ಸುದಾರ